ಆಗ್ನೇಯ ಮೂಲೆಯ ಉಸಿರು

ಸುಭದ್ರಕ್ಕನ ನೆನಪುಗಳನ್ನು ಕಸಿದುಕೊಂಡವರು ನಮ್ಮ ಕನ್ನಡ ಸಂಘದ ಕಟ್ಟಡ ಸಮಿತಿಯವರು. ಇದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡುತ್ತೇನೆ. ಏಕೆಂದರೆ ಅವರ ಸನ್ಮಾನಕ್ಕೆಂದು ಸಂಘ ಹೊರತರುತ್ತಿರುವ ಈ ಸಂಚಿಕೆಯ ಸಂಪಾದಕರು ನನ್ನಿಂದ ಬಯಸಿದ್ದು "ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು". ಒಳ್ಳೆಯ ಮಾತುಗಳು ಬೇಕಾದಷ್ಟಿವೆ, ಬರೆಯುತ್ತೇನೆ. ಆದರೆ ಅವುಗಳ ಮರೆಯಲ್ಲಿ ಯಾರೂ ಅಡಗಿಕೊಳ್ಳಲು ಬಿಡುವುದಿಲ್ಲ. ಸಾಂಟಾ ಕ್ಲಾರಾದ ನಮ್ಮ ಸಭಾಂಗಣದಲ್ಲಿ ನಡೆದದ್ದಕ್ಕೆ ದೆವ್ವವನ್ನೂ ದೂರಲಾಗಿದೆ, ವಿಧಿಯನ್ನೂ ದೂರಲಾಗಿದೆ, ಕೊನೆಗೆ ಸುಭದ್ರಕ್ಕನನ್ನೇ ದೂರಲಾಗಿದೆ. ತಪ್ಪು ಜಾಗದಲ್ಲಿ ಯಂತ್ರ ಕೂರಿಸಿದವರನ್ನು ಮಾತ್ರ ಇದುವರೆಗೆ ಯಾರೂ ಒಂದು ಮಾತು ಕೇಳಿಲ್ಲ.

ಸುಭದ್ರಕ್ಕ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಒಂದು ಊದುಬತ್ತಿ. ಯಾರ ಮನೆಗೆ ಹೋದರೂ ಕೈಚೀಲದಿಂದ ಒಂದು ಕಡ್ಡಿ ತೆಗೆದು ಹಚ್ಚಿ, ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆಯುವರು. ಬಾಗಿಲ ಸಂದಿಯಲ್ಲಿ ನಿಲ್ಲುವರು, ಕಿಟಕಿಯ ಚೌಕಟ್ಟಿನ ಬಳಿ ಬಾಗುವರು, ಗೋಡೆಯಲ್ಲಿರುವ ಗಾಳಿಯ ಜಾಲರಿಯ ಎದುರು ಉಸಿರು ಬಿಗಿಹಿಡಿದು ಹೊಗೆಯ ಎಳೆಯನ್ನೇ ದಿಟ್ಟಿಸುವರು. ಇವರಾರೋ ಮಹಾ ದೈವಭಕ್ತೆ ಎಂದುಕೊಂಡ ಹೊಸಬರು ಕೈಮುಗಿದು ಹಿಂದೆ ನಿಂತಿದ್ದನ್ನು ನಾನೇ ಕಂಡಿದ್ದೇನೆ. ಒಮ್ಮೆ ಲಾಸ್ ಗ್ಯಾಟೋಸ್‌ನ ಒಬ್ಬ ಗೃಹಿಣಿ ಆರತಿ ತಟ್ಟೆಯನ್ನೇ ತಂದು ಹಿಡಿದರು. ಸುಭದ್ರಕ್ಕ ತಿರುಗಿಯೂ ನೋಡಲಿಲ್ಲ.

"ತಟ್ಟೆ ಒಳಗಿಡಿ ತಾಯಿ. ನಿಮ್ಮ ಮನೆ ಯಾವ ಕಡೆಯಿಂದ ಉಸಿರೆಳೀತದೆ ಅಂತ ನೋಡ್ತಿದೀನಿ ಅಷ್ಟೆ. ದೇವರು ಕಾಯ್ಲಿ, ಸಂತೋಷ. ಈ ಬಾಗಿಲ ಸಂದಿ ಮಾತ್ರ ನೀವೇ ಕಾಯ್ಬೇಕು."

ಅವರು ಹಾಸನದ ಕಡೆಯವರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ತರಗತಿಯಲ್ಲಿ ಒಬ್ಬಳೇ ಹುಡುಗಿಯಾಗಿ ಓದಿ, ಸ್ಯಾನ್ ಹೋಸೆಯ ಕಂಪನಿಯೊಂದರಲ್ಲಿ ಕಟ್ಟಡಗಳಿಗೆ ಶಾಖ ಮತ್ತು ತಂಪಿನ ವ್ಯವಸ್ಥೆಯ ನಕ್ಷೆ ಬರೆಯುತ್ತಿದ್ದರು. ವಿನಯ ಎಂಬುದು ಅವರ ಬಳಿ ಸುಳಿದಿರಲಿಲ್ಲ. "ನನ್ನ ನಕ್ಷೆ ತಿದ್ದೋನು ಇನ್ನೂ ಹುಟ್ಟಿಲ್ಲ ಕಣೆ" ಎಂದು ಮೈಸೂರು ರೇಷ್ಮೆಯ ಸೆರಗು ಕೊಡವಿಕೊಂಡು ಹೇಳುತ್ತಿದ್ದರು. ಆ ಸೀರೆಯ ಕೆಳಗೆ ಯಾವಾಗಲೂ ಓಟದ ಬೂಟು. ಫ್ರೀವೇಯಲ್ಲಿ ಯಾರಾದರೂ ಅಡ್ಡ ಬಂದರೆ ಶುದ್ಧ ಹಾಸನದ ಬೈಗುಳ. ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡುವರು, ಸಿಕ್ಕಿಬಿದ್ದರೆ ಎದುರಿನವರನ್ನೇ ಗದರುವರು. ವಿಶ್ವವಿದ್ಯಾಲಯದ ಓದಿನ ಜೊತೆಗೆ ಭಾನುವಾರಗಳಂದು ಸಂಘದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ನನಗೆ ಅವರಿಟ್ಟ ಹೆಸರು 'ಪಂಡಿತೆ'. ನನ್ನ ಕನ್ನಡ ಕೇಳಿದರೆ ತಾಮ್ರಪಟ ಓದಿದ ಹಾಗಿರುತ್ತದೆ ಎಂಬುದು ಅವರ ದೂರು. ಆದರೂ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ಪ್ರಾಧ್ಯಾಪಕರಿಂದಲ್ಲ, ಅವರಿಂದ.

ಸಂಘ ಕೊಂಡ ಕಟ್ಟಡ ಹಿಂದೆ ಹಣ್ಣಿನ ಉಗ್ರಾಣವಾಗಿತ್ತು. ಈ ಕಣಿವೆಯ ತುಂಬ ತೋಟಗಳಿದ್ದ ಕಾಲದಲ್ಲಿ ಹೆಂಗಸರು ಅಲ್ಲಿ ಸಾಲಾಗಿ ಕೂತು ಪ್ಲಮ್ ಹಣ್ಣು ಆರಿಸುತ್ತಿದ್ದರಂತೆ. ಈಗ ಸುತ್ತ ಚಿಪ್ ಕಾರ್ಖಾನೆಗಳು. ಉಗ್ರಾಣಕ್ಕೆ ಬೆಚ್ಚಗಿರಿಸುವ ವ್ಯವಸ್ಥೆಯೂ ಇರಲಿಲ್ಲ, ತಂಪಿನ ವ್ಯವಸ್ಥೆಯೂ ಇರಲಿಲ್ಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟ ಯಂತ್ರವೊಂದನ್ನು ಸಮಿತಿ ತರಿಸಿತು. ಬೇಸಿಗೆಯಲ್ಲಿ ವಿದ್ಯುತ್ತಿನಿಂದ ತಂಪು, ಚಳಿಗಾಲದಲ್ಲಿ ಗ್ಯಾಸ್ ಉರಿಸಿ ಶಾಖ. ಪೆಟ್ಟಿಗೆ ಹೊರಗೆ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರುತ್ತದೆ, ಗಾಳಿಯ ಕೊಳವೆಗಳು ಗೋಡೆಯೊಳಗಿಂದ ಸಭಾಂಗಣಕ್ಕೆ ಹೋಗುತ್ತವೆ. ಸುಭದ್ರಕ್ಕ ನಕ್ಷೆ ಬರೆದುಕೊಟ್ಟರು. ಕಟ್ಟಡದ ಹಿಂದೆ ಈಶಾನ್ಯದ ಬಯಲಿನಲ್ಲಿ, ಕಿಟಕಿಗಳಿಂದ ದೂರ, ನಾಲ್ಕೂ ಕಡೆ ಗಾಳಿಯಾಡುವಂತೆ ಕಟ್ಟೆ.

ಸಭೆಯಲ್ಲಿ ಅಧ್ಯಕ್ಷ ರಂಗಸ್ವಾಮಿಯವರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರೂ ಎಂಜಿನಿಯರೇ, ಚಿಪ್ ಕಂಪನಿಯಲ್ಲಿ ದೊಡ್ಡ ಹುದ್ದೆ.

"ಎಲ್ಲಾ ಚೆನ್ನಾಗಿದೆ ಸುಭದ್ರಾ ಅವ್ರೇ. ಆದ್ರೆ ಈಶಾನ್ಯದಲ್ಲಿ ಬೆಂಕಿ ಇಡೋದಾ? ಅದು ದೇವಮೂಲೆ. ಬೆಂಕಿಗೆ ಅಂತ್ಲೇ ಆಗ್ನೇಯ ಇದೆಯಲ್ಲ."

"ಆಗ್ನೇಯದಲ್ಲಿ ಓಣಿ ಇದೆ ಸ್ವಾಮಿ. ನಮ್ಮ ಗೋಡೆಗೂ ಪಕ್ಕದವ್ರ ಗೋಡೆಗೂ ಮಧ್ಯ ನಿಮ್ಮಂಥೋರು ಅಡ್ಡ ತಿರುಗೋಕಾಗಲ್ಲ. ಅದರ ಮೇಲೇನೇ ಬಣ್ಣದ ಕೋಣೆ ಕಿಟಕಿ, ನಾಟಕಕ್ಕೆ ಮಕ್ಕಳು ಬಣ್ಣ ಹಚ್ಕೊಳೋ ಜಾಗ. ಯಂತ್ರಕ್ಕೂ ಮೂಗೂ ಬಾಯೀನೂ ಇರ್ತದೆ ರೀ. ಅದು ಬಾಯಲ್ಲಿ ಬಿಟ್ಟಿದ್ದನ್ನ ನಮ್ಮ ಮಕ್ಕಳು ಕುಡೀಬೇಕಾ?"

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೋಣ. ಮೆಂಬರುಗಳ ಸೆಂಟಿಮೆಂಟೂ ನೋಡ್ಬೇಕಲ್ವಾ?"

"ಕಾರ್ಬನ್ ಮಾನಾಕ್ಸೈಡಿಗೆ ಸೆಂಟಿಮೆಂಟ್ ಇಲ್ಲ ರಂಗಸ್ವಾಮಿಗಳೇ. ವಾಸನೇನೂ ಇಲ್ಲ."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಆಗ್ನೇಯಕ್ಕೆ ಕೈಯೆತ್ತಿದರು. ಹಗಲೆಲ್ಲ ಪ್ರಯೋಗಾಲಯದಲ್ಲಿ ಒಂದು ಧೂಳಿನ ಕಣವನ್ನೂ ಒಳಗೆ ಬಿಡದ ಜನ ಇವರು.

ಕೂರಿಸುವ ಕೆಲಸವೂ ಶ್ರಮದಾನದಲ್ಲಿಯೇ ಆಯಿತು. ಸುಭದ್ರಕ್ಕ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಓಣಿಯಲ್ಲಿ ನಿಂತು ಗ್ಯಾಸಿನ ಕೊಳವೆಯ ಒಂದೊಂದು ಜೋಡಣೆಗೂ ಸೋಪಿನ ನೊರೆ ಬಳಿಸಿ, "ಗುಳ್ಳೆ ಎದ್ರೆ ಕೂಗ್ರೋ, ನಾಚ್ಕೋಬೇಡಿ" ಎಂದು ಕಾಡಿದರು. ಬಣ್ಣದ ಕೋಣೆಯ ಕಿಟಕಿಗೆ ಮೊಳೆ ಹೊಡೆಸಿದರು. ನಗರದ ಪರೀಕ್ಷಕ ಬಂದ ದಿನ ಕಿಟಕಿ ಮುಚ್ಚಿತ್ತು, ಓಣಿ ತೆರೆದಿತ್ತು. ಆತ ಒಪ್ಪಿಗೆ ಕೊಟ್ಟ. ಉದ್ಘಾಟನೆ ಹತ್ತಿರವಾದಾಗ, ಡಬ್ಬ ಅಸಹ್ಯವಾಗಿ ಕಾಣುತ್ತದೆಂದು ಸಮಿತಿ ಅದರ ಸುತ್ತ ಒತ್ತೊತ್ತಾಗಿ ಹಲಗೆ ಕಟ್ಟಿಸಿ, ಮೇಲೂ ಮುಚ್ಚಿಸಿ, ಚಂದದ ರಂಗೋಲಿ ಬರೆಸಿತು. ನಾಟಕದ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವಾಗ ಒಳಗೆ ಸೆಕೆ ಎಂದು ಯಾರೋ ಕಿಟಕಿಯ ಮೊಳೆ ಕಿತ್ತರು.

ಆ ಚಳಿಗಾಲದಲ್ಲಿ ಅಜ್ಜಿ ಬಂದಳು.

ಬಣ್ಣದ ಕೋಣೆಯಲ್ಲಿಯೇ ನನ್ನ ಅಕ್ಷರದ ತರಗತಿ ನಡೆಯುತ್ತಿತ್ತು. ಮೊದಲು ಮಕ್ಕಳು ತಲೆನೋವೆಂದರು, ತೂಕಡಿಸಿದರು. ಒಂದು ಮಧ್ಯಾಹ್ನ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಾಗ ನನ್ನ ಬೆನ್ನ ಹಿಂದೆ ಟಪ್ ಎಂಬ ಸದ್ದು, ತಗಡಿನ ತೊಟ್ಟಿಗೆ ಹಣ್ಣು ಬಿದ್ದ ಹಾಗೆ. ಸ್ವಲ್ಪ ಬಿಟ್ಟು ಮತ್ತೆ ಟಪ್. ಮಕ್ಕಳೆಲ್ಲ ತಲೆ ತಗ್ಗಿಸಿ ಕೂತಿದ್ದರು. ಕವಿತಾ ಎಂಬ ಪುಟ್ಟ ಹುಡುಗಿ ಮಾತ್ರ ಮೆಲ್ಲಗೆ ಅಂದಳು: "ಮಿಸ್, ದಟ್ ಲೇಡಿ ಈಸ್ ಬ್ಯಾಕ್." ನಾನು ತಿರುಗಹೋದೆ. "ಡೋಂಟ್ ಲುಕ್. ಆಂಟಿ ಕೆಲಸ ಮಾಡ್ತಿದಾರೆ."

ನಾನು ಕನ್ನಡಿಯಲ್ಲಿ ನೋಡಿದೆ. ಮೂಲೆಯಲ್ಲಿ ಬಾಗಿದ ಒಂದು ಬೆನ್ನು. ಕೈಗಳು ಮಾತ್ರ ಆಡುತ್ತಿದ್ದವು, ಒಂದನ್ನು ಎತ್ತಿ, ಒಂದನ್ನು ಬಿಟ್ಟು. ಭಯವಾಗಲಿಲ್ಲ, ಅದೇ ಭಯಂಕರ. ಅವಳ ಪಕ್ಕದಲ್ಲಿ ಹೋಗಿ ಕೂತುಬಿಡೋಣ ಎನ್ನಿಸಿತು.

ಸುದ್ದಿ ಹಬ್ಬಿತು. ಪ್ಲಮ್ ಆರಿಸುತ್ತ ಸತ್ತವಳಾರೋ ಇರಬೇಕೆಂದು ಸಮಿತಿ ಶಾಂತಿಹೋಮ ಮಾಡಿಸಿತು. ನೆರೆಯವರು ಹೊಗೆಯೆಂದು ದೂರಬಾರದೆಂದು ಬಾಗಿಲುಗಳೆಲ್ಲ ಭದ್ರ. ಚಳಿಯೆಂದು ಯಂತ್ರ ಪೂರ್ತಿ ವೇಗದಲ್ಲಿ. ಪೂರ್ಣಾಹುತಿಯ ಹೊತ್ತಿಗೆ ಇಬ್ಬರು ಕುಸಿದರು. ಜನ ಅದನ್ನು ಆವೇಶ ಎಂದರು. ಬೇಸಿಗೆ ಬಂತು, ಅಜ್ಜಿ ಕಾಣಲಿಲ್ಲ, ಹೋಮ ಫಲಿಸಿತೆಂದು ಪಾಯಸ ಹಂಚಿದರು. ಮುಂದಿನ ಚಳಿಗಾಲದಲ್ಲಿ ಮತ್ತೆ ಟಪ್, ಟಪ್.

ಹಲಗೆ ಕಟ್ಟಿಸುವ ಮೊದಲೇ ಕಂಪನಿಯ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿ, ಆ ಕಾಲವೆಲ್ಲ ಅಲ್ಲಿಯೇ ಇದ್ದ ಸುಭದ್ರಕ್ಕ ಹಿಂತಿರುಗಿದಾಗ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ದೆವ್ವಕ್ಕೆ ಬೇಸಿಗೆ ರಜಾನಾ?"

ಹೌದು, ಬೇಸಿಗೆಯಲ್ಲಿ ಅವಳು ಒಮ್ಮೆಯೂ ಕಂಡಿಲ್ಲ ಎಂದೆ.

"ಬೇಸಿಗೇಲಿ ಆ ಡಬ್ಬ ಕರೆಂಟಲ್ಲಿ ಓಡ್ತದೆ ಪಂಡಿತೆ. ಚಳೀಲಿ ಗ್ಯಾಸ್ ಉರಿಸ್ತದೆ. ನಿಮ್ಮಜ್ಜಿ ಗ್ಯಾಸ್ ಜೊತೆ ಬರ್ತಾಳೆ, ಗ್ಯಾಸ್ ಜೊತೆ ಹೋಗ್ತಾಳೆ."

ಅಂದೇ ಬಣ್ಣದ ಕೋಣೆಗೆ ಹೋದೆವು. ಅವರು ಕಿಟಕಿಯ ಬಳಿ ಊದುಬತ್ತಿ ಹಿಡಿದರು. ಹೊಗೆ ಮೇಲೇಳಲಿಲ್ಲ. ಯಾರೋ ಹೊರಗಿನಿಂದ ನೂಕಿದಂತೆ ಒಳಕ್ಕೆ ಬಾಗಿ ಮಲಗಿತು. ಹೊರಗೆ, ರಂಗೋಲಿಯ ಹಲಗೆಯ ಹಿಂದಿನಿಂದ ಮಂದವಾದ ಗುರುಗುರು. "ಹಲಗೆ ಒಳಗೆ ಆ ಡಬ್ಬ ತಾನು ಬಿಟ್ಟ ಉಸಿರನ್ನ ತಾನೇ ಎಳ್ಕೊಂತಿದೆ. ಒಳ್ಳೆ ಗಾಳಿ ಇಲ್ಲದೆ ಉರಿ ಕೆಟ್ಟಿದೆ, ಆ ವಿಷ ಇಲ್ಲಿಗೆ ನುಗ್ತಿದೆ" ಎಂದರು. ಗೋಡೆಯ ಜಾಲರಿಯ ಕಡೆ ಹೊರಟವರು ನಡುವೆ ನಿಂತರು. ದನಿ ತೀರ ತಗ್ಗಿತ್ತು.

"ಪಂಡಿತೆ, ಆ ಮೂಲೇಲಿ ಕೂತಿರೋರು ಯಾರೆ?"

ನಾನು ಅವರ ಕೈಹಿಡಿದು ಬಯಲಿಗೆ ಎಳೆದುಕೊಂಡು ಬಂದೆ. ತಣ್ಣನೆಯ ಗಾಳಿಯಲ್ಲಿ ಅವರು ಗಟ್ಟಿಯಾಗಿ ನಕ್ಕರು. "ಅವಳಿಲ್ಲ ಅಂತ ನಂಗೊತ್ತು ಕಣೆ. ಆದ್ರೂ ಮುಖ ನೆನಪಿದೆ ನೋಡು."

ಗ್ಯಾಸಿನ ಕೀಲನ್ನು ತಿರುಗಿಸಿ ಮುಚ್ಚಿ, ನನ್ನನ್ನೂ ಕರೆದುಕೊಂಡು ರಂಗಸ್ವಾಮಿಯವರ ಮನೆಗೇ ಹೋಗಿ ಹೇಳಿದರು: ಹಲಗೆ ಕೀಳಿಸಿ, ಯಂತ್ರವನ್ನು ಬಯಲಿಗೆ ಸಾಗಿಸಿ, ಅಲ್ಲಿಯವರೆಗೆ ಉರಿಸಬೇಡಿ. "ಮುಂದಿನ ಮೀಟಿಂಗಲ್ಲಿ ಇಡೋಣ. ಈಗ ಸಂಕ್ರಾಂತಿ ಪ್ರೋಗ್ರಾಮು ತಲೆ ಮೇಲೆ ಕೂತಿದೆ" ಎಂದರು ಅಧ್ಯಕ್ಷರು. ನಾನು ಬಾಯಿ ಹಾಕಿದೆ. "ನೀನಿನ್ನೂ ಸ್ಟೂಡೆಂಟಮ್ಮ. ಕಾಲೇಜಲ್ಲಿ ಎಲ್ರಿಗೂ ಬಿಸಿರಕ್ತಾನೇ" ಎಂದು ನಗುತ್ತಲೇ ಕಾಫಿ ಕೊಟ್ಟರು.

ಸಂಕ್ರಾಂತಿಯ ಬೆಳಿಗ್ಗೆ ನಾವಿಬ್ಬರೂ ಬಂದಾಗ ಯಂತ್ರ ಉರಿಯುತ್ತಿತ್ತು. ಅತಿಥಿಗಳಿಗೆ ಬೆಚ್ಚಗಿರಲೆಂದು ಸಮಿತಿ ಮತ್ತೆ ಕೀಲು ತೆರೆದಿತ್ತು. ಬಣ್ಣದ ಕೋಣೆಯಲ್ಲಿ ಕಿರೀಟ, ಗೆಜ್ಜೆ ತೊಟ್ಟ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆಗಣ್ಣಾಗಿದ್ದರು. ಸುಭದ್ರಕ್ಕ ಒಬ್ಬೊಬ್ಬರನ್ನೇ ಎತ್ತಿ ಬಯಲಿಗೆ ತಂದರು, ನಾನು ಹೊರಗೆ ಹಿಡಿದು ಕೂರಿಸಿಕೊಂಡೆ. ಎಲ್ಲರೂ ಬಂದರು. ಕೊನೆಯವಳು ಕವಿತಾ. ಸುಭದ್ರಕ್ಕ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತ ಕೇಳಿದರು: "ಒಳಗೆ ಇನ್ಯಾರಾದ್ರೂ ಇದಾರೇನೆ ಪುಟ್ಟಿ?"

"ಎಸ್," ಎಂದಳು ಕವಿತಾ. "ದಟ್ ಲೇಡಿ ಈಸ್ ಸ್ಟಿಲ್ ಇನ್‌ಸೈಡ್."

ಬಣ್ಣ ಹಚ್ಚಲು ಬಂದ ತಾಯಂದಿರಲ್ಲಿ ಒಬ್ಬರು ಉಳಿದಿರಬಹುದೆಂದು ಅವರು ತಿಳಿದರೋ, ಬೇರೇನನ್ನಾದರೂ ತಿಳಿದರೋ ನಾನರಿಯೆ. ನಾನು ಕೂಗುವುದರೊಳಗೆ ಅವರು ಮತ್ತೆ ಒಳಗೆ ಹೋಗಿದ್ದರು.

ಜನರನ್ನು ಕೂಗಿ ಕರೆದು ಒಳನುಗ್ಗಿದಾಗ ಅವರು ಆ ಮೂಲೆಯಲ್ಲಿ ಬಿದ್ದಿದ್ದರು. ಎರಡೂ ತೋಳು ಮುಂದೆ ಚಾಚಿದ್ದವು, ಕೂತವರೊಬ್ಬರನ್ನು ಬಗಲಿಗೆ ಕೈಕೊಟ್ಟು ಎಬ್ಬಿಸುವ ಹಾಗೆ.

ಬದುಕಿದರು. ಮನೆಗೆ ಬಂದಾಗ ಚೆನ್ನಾಗಿಯೇ ಇದ್ದರು, ಇಸ್ಪೀಟಿನಲ್ಲಿ ಮೋಸವನ್ನೂ ಮಾಡಿದರು. ಕೆಲವು ವಾರಗಳ ನಂತರ ಒಂದೊಂದಾಗಿ ಮರೆಯತೊಡಗಿದರು: ದಾರಿ, ಕಾರು, ನಕ್ಷೆ, ಹೆಸರು. ಆ ವಿಷ ಮಿದುಳಿಗೆ ಹೀಗೆ ತಡವಾಗಿಯೂ ಪೆಟ್ಟು ಕೊಡುತ್ತದೆಂದು ವೈದ್ಯರು ಹೇಳಿದರು. ಸಮಿತಿ ಬೇರೆಯೇ ಹೇಳಿತು: ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚುವುದು ಅವರ ಚಾಳಿ, ಅದೇ ಮುಳುವಾಯಿತು. ನಗರದವರು ವಿಚಾರಣೆಗೆ ಬಂದ ದಿನ ಹಲಗೆಗಳು ಮಾಯವಾಗಿದ್ದವು, ಕಿಟಕಿಗೆ ಮೊಳೆಯಿತ್ತು. ಅವರು ಹೋದ ಮೇಲೆ ಹಲಗೆ ಮರಳಿತು. ರಂಗೋಲಿಗೆ ಹೊಸ ಬಣ್ಣವೂ ಬಂದಿದೆ.

ಕಳೆದ ವಾರ ಪ್ಲೆಸೆಂಟನ್‌ನಲ್ಲಿ ಅವರ ತಂಗಿಯ ಮನೆಗೆ ಹೋಗಿದ್ದೆ. ನನ್ನ ಗುರುತು ಹತ್ತಲಿಲ್ಲ. ದೇವರ ಮುಂದೆ ಉರಿಯುತ್ತಿದ್ದ ಊದುಬತ್ತಿಯನ್ನು ಕಿತ್ತುಕೊಂಡು ಎದ್ದು, ಗೋಡೆಯ ಜಾಲರಿಯ ಎದುರು ನಿಂತು, ಹೊಗೆಯ ಎಳೆಯನ್ನೇ ನೋಡತೊಡಗಿದರು.

"ಏನು ನೋಡ್ತಿದೀರಿ ಸುಭದ್ರಕ್ಕ?"

"ಗೊತ್ತಿಲ್ಲ ಕಣಮ್ಮ. ಆದ್ರೆ ನೋಡ್ಬೇಕು."

ಕಡ್ಡಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಆ ಅಜ್ಜಿ ಆಚೆ ಬಂದ್ಲಾ?"

ಉತ್ತರ ಹೇಳಬೇಕಾದವರನ್ನು ಈಗ ಕೇಳುತ್ತಿದ್ದೇನೆ.

ಮಾನ್ಯ ಅಧ್ಯಕ್ಷರೇ, ಕಟ್ಟಡ ಸಮಿತಿಯ ಸದಸ್ಯರೇ: ಮತ್ತೆ ಚಳಿ ಬರುತ್ತಿದೆ, ಮಕ್ಕಳ ತರಗತಿಯನ್ನು ಅದೇ ಕೋಣೆಯಲ್ಲಿ ಆರಂಭಿಸುವುದಾಗಿ ತಾವು ಪ್ರಕಟಿಸಿದ್ದೀರಿ. ಎಚ್ಚರಿಕೆ ಕೊಟ್ಟ ಮೇಲೂ ಆ ಕೀಲನ್ನು ತೆರೆಯಲು ಹೇಳಿದವರು ಯಾರು, ತನಿಖೆಯ ದಿನ ಹಲಗೆ ತೆಗೆಸಿ ಆಮೇಲೆ ಮತ್ತೆ ನಿಲ್ಲಿಸಿದವರು ಯಾರು ಎಂಬುದಕ್ಕೆ ಸರ್ವಸದಸ್ಯರ ಮುಂದೆ ಉತ್ತರ ಕೊಡಬೇಕೆಂದು ಕೋರುತ್ತೇನೆ. ಇಂದೇ ಗ್ಯಾಸನ್ನು ನಿಲ್ಲಿಸಿ, ಹಲಗೆಗಳನ್ನು ಕಿತ್ತು, ಬಲ್ಲವರ ಕೈಯಿಂದ ಆ ಯಂತ್ರವನ್ನು ಸುಭದ್ರಕ್ಕ ಗುರುತು ಹಾಕಿಕೊಟ್ಟ ಬಯಲಿಗೆ ಸಾಗಿಸಿ. ಅಲ್ಲಿಯವರೆಗೆ ಒಂದು ಮಗುವೂ ಆ ಕೋಣೆಯ ಹೊಸ್ತಿಲು ದಾಟಕೂಡದು. ಊದುಬತ್ತಿಯ ಮೇಲೆ ಹೊರಿಸಿದ ತಪ್ಪನ್ನು ಇದೇ ಸಂಚಿಕೆಯ ಪುಟದಲ್ಲಿ ಹಿಂತೆಗೆದುಕೊಳ್ಳಿ. ಅವರಿಗಾಗಿ ಮಾಡಿಸಿರುವ ಸನ್ಮಾನದ ಫಲಕವನ್ನು ಸದ್ಯಕ್ಕೆ ತಮ್ಮಲ್ಲಿಯೇ ಇಟ್ಟುಕೊಳ್ಳಬೇಕಾಗಿ ವಿನಂತಿ.