ಅಜ್ಜಿ ಕಂಡ ಎಕ್ಸ್‌ರೇ

ಇವತ್ತು ಪಕ್ಕದ ಮನೆಯಲ್ಲಿ ಕೂಸಿಗೆ ಹಚ್ಚಲು ಹರಳೆಣ್ಣೆ ಕಾಯಿಸುತ್ತಿದ್ದರು. ಆ ವಾಸನೆಗೆ ಕೊಳ್ಳೇಗಾಲದ ನಮ್ಮ ಮಗ್ಗದ ಮನೆ ನೆನಪಾಯಿತು.

ಅಜ್ಜಿ ನನ್ನ ಎಳೆಗೂಸು ತಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ, ಒಂದೊಂದು ಕೈಯನ್ನೂ ಎದುರುಬದಿಯ ಕಾಲಿಗೆ ಎಳೆದು ಕೂಡಿಸುತ್ತಿದ್ದಳು. ಬೀದಿಯ ಕೂಸುಗಳೆಲ್ಲ ಹಾಗೆಯೇ ಬೆಳೆದಿದ್ದವು. ತಮ್ಮನ ಮೂಳೆ ಮಾತ್ರ ಮತ್ತೆ ಮತ್ತೆ ಮುರಿಯಿತು.

"ನಿನ್ನ ಹೆಂಡ್ತೀನೇ ತಿರುಚ್ತಾಳೆ ಕಣ್ಲಾ," ಎಂದು ಅಜ್ಜಿ ಅಪ್ಪನಿಗೆ ಹೇಳಿದಳು. ಅಂದಿನಿಂದ ಹಾಲೂಡಿಸುವಾಗ ಬಿಟ್ಟರೆ ಅವ್ವ ಕೂಸನ್ನು ಮುಟ್ಟುವಂತಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು, "ಹುಟ್ಟಿನಿಂದಲೇ ಮೂಳೆ ಗಟ್ಟಿಯಿಲ್ಲ. ತಾಯಿಯ ತಪ್ಪೇನೂ ಇಲ್ಲ. ಎಣ್ಣೆ ನೀವುವುದನ್ನು ನಿಲ್ಲಿಸಿ," ಎಂದರು.

ಅವ್ವ ಕೂಸಿಗೆ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ.

"ಉಟ್ಟಿನಿಂದ್ಲೇ ಅಂತೆ, ಕೇಳ್ದಾ? ನಮ್ಮ ವಂಸದಲ್ಲಿ ಇಂತಾ ಮೂಳೆ ಯಾರ್ಗದೆ? ಎಲ್ಲಾ ಇವಳ ತವರಿಂದು."

"ನಡೀರಿ, ಬಸ್ಸು ಓಯ್ತದೆ," ಎಂದ ಅಪ್ಪ.

ತಮ್ಮ ಇನ್ನೊಂದು ವರ್ಷ ಬದುಕಿದ, ಅಜ್ಜಿಯ ಮಡಿಲಲ್ಲೇ.

ವಿಜ್ಞಾನ ಬಂದರೆ ಮೌಢ್ಯ ಓಡುತ್ತದೆಂದು ನಾನು ಓದುವ ಕಿರುಹೊತ್ತಿಗೆಗಳು ಹೇಳುತ್ತವೆ. ನಮ್ಮ ಮನೆಗೆ ವಿಜ್ಞಾನ ಬಂತು. ಮೌಢ್ಯ ಅದನ್ನೇ ಸಾಕ್ಷಿ ಮಾಡಿಕೊಂಡಿತು.

ಮೊನ್ನೆ ನನ್ನ ಮಗಳನ್ನು ಎತ್ತಿಕೋ ಎಂದರೆ, ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀನೇ ಇಡ್ಕೊ ಮಗ. ನಾನು ಇಲ್ಲಿಂದ್ಲೇ ನೋಡ್ತೀನಿ."