ಮಖಮಲ್ಲಿನ ಅಂಗಿಯ ಕೊರಳಪಟ್ಟಿ

ಹತ್ತಿಗಿರಣಿಗಳ ಊರಾದ ಓಲ್ಡಮ್ಮಿನ ನಮ್ಮ ಬೀದಿಯಲ್ಲಿ ಟ್ಯಾಬಿತಾ ಆಗ್ಡನ್ ಅಂದರೆ ಗೊತ್ತಿಲ್ಲದವರಿರಲಿಲ್ಲ. ಗಂಡ ಹತ್ತಿಗಿರಣಿಯ ಧೂಳು ನುಂಗಿ ನುಂಗಿ ಕೆಮ್ಮಿ ಸತ್ತ ಮೇಲೆ ಅವಳು ಕ್ರ್ಯಾಬ್‌ಟ್ರೀ ಎಂಬವನ ಫೋಟೋ ಅಂಗಡಿಗೆ ಸೇರಿಕೊಂಡಳು. ಫೋಟೋಕ್ಕೆ ಬಂದ ಹುಡುಗರ ಬಟ್ಟೆ ಬಿಚ್ಚಿ ಅಂಗಡಿಯ ಬಟ್ಟೆ ತೊಡಿಸುವುದು, ತಲೆ ಬಾಚುವುದು, ಇಷ್ಟೇ ಕೆಲಸ. ಕೇಳಿದವರಿಗೆ ಹೂ ಕಟ್ಟಿದಷ್ಟು ಹಗುರ. ಅವಳು ಮಾತ್ರ ಮನೆಗೆ ಬಂದವಳೇ ಮೊಣಕೈವರೆಗೆ ಸೋಪು ತಿಕ್ಕಿ ತೊಳೆಯದೆ ಬ್ರೆಡ್ಡು ಮುಟ್ಟುತ್ತಿರಲಿಲ್ಲ.

"ಹೆಣ ತೊಳೆಯೋಳಿಗೂ ಇಷ್ಟು ಸೋಪು ಬೇಡ ಕಣೇ," ಅಂತ ನಾವು ರೇಗಿಸಿದರೆ, "ಹೆಣ ಬೆವರಲ್ಲ, ಸಿಂಬಳ ಒರೆಸ್ಕೊಳ್ಳಲ್ಲ," ಅನ್ನುತ್ತಿದ್ದಳು.

ಅವಳ ಹೇಸಿಗೆಯೆಲ್ಲ ಒಂದು ಅಂಗಿಯ ಮೇಲೆ. ಕಪ್ಪು ಮಖಮಲ್ಲಿನ ಅಂಗಿ, ಅದಕ್ಕೊಪ್ಪುವ ಮೊಣಕಾಲುದ್ದದ ಚಡ್ಡಿ, ಕೊರಳಿಗೆ ಅಗಲವಾದ ಲೇಸಿನ ಪಟ್ಟಿ. ನಮ್ಮಲ್ಲಿ ಗಂಡುಮಕ್ಕಳಿಗೂ ಮೊದಲ ನಾಲ್ಕೈದು ವರ್ಷ ಲಂಗವೇ. ಅದನ್ನು ಬಿಟ್ಟು ಚಡ್ಡಿಗೆ ಬರುವ ವಯಸ್ಸಾದ ಹುಡುಗನನ್ನು ಈ ಅಂಗಿಯೊಳಗೆ ತುರುಕಿ ಫೋಟೋ ತೆಗೆಸದಿದ್ದರೆ ತಾಯಂದಿರಿಗೆ ನಿದ್ದೆ ಬರುತ್ತಿರಲಿಲ್ಲ. ಬೆನ್ನಿನ ಕಡೆ ಅಂಗಿಯನ್ನು ಉದ್ದಕ್ಕೂ ಸೀಳಿ ಲಾಡಿ ಹಾಕಿದ್ದರು. ಒಣಕಲನಿಗೂ ಡುಮ್ಮನಿಗೂ ಅದೇ. ಮುಂದಿನಿಂದ ರಾಜಕುಮಾರ, ಹಿಂದಿನಿಂದ ಬಿಚ್ಚಿದ ಮೂಟೆ. ತೋಳಿನ ತುದಿಯಲ್ಲಿ ಊರಿನ ಮಕ್ಕಳೆಲ್ಲರ ಸಿಂಬಳ ಒಣಗಿ ಬಸವನಹುಳು ಹರಿದ ಹಾಗೆ ಮಿನುಗುತ್ತಿತ್ತು. ಕಂಕುಳಲ್ಲಿ ಹುಳಿತ ಹಾಲಿನ ವಾಸನೆ. ಚಡ್ಡಿಯ ವಾಸನೆ ಹೇಳುವುದು ಬೇಡ. ಹೆದರಿದ ಮಗು ಏನು ಮಾಡುತ್ತದೋ ಅದನ್ನು ಮಾಡಿರುತ್ತಿತ್ತು.

ನೀರು ತಾಗಿದರೆ ಮಖಮಲ್ಲು ಹಾಳು ಅಂತ ಕ್ರ್ಯಾಬ್‌ಟ್ರೀ ಒಗೆಯಲು ಬಿಡುತ್ತಿರಲಿಲ್ಲ. ಲೇಸನ್ನು ಅಂಗಿಗೇ ಹೊಲಿದಿದ್ದರು, ಹಾಗಾಗಿ ಅದಕ್ಕೂ ಸ್ನಾನವಿಲ್ಲ. ಕೊಳೆಯ ಮೇಲೇ ಗಂಜಿ ಬಳಿದು, ಗಂಜಿಯ ಮೇಲೆ ಸೀಮೆಸುಣ್ಣ ಉಜ್ಜಿದರೆ ಹಾಲಿನಷ್ಟು ಬಿಳುಪು. ತಲೆಗೆ ಸಕ್ಕರೆನೀರು. ಬೆರಳಿಗೆ ಸುತ್ತಿ ಸುತ್ತಿ ಗುಂಗುರು ಮಾಡಿ ಅಂಟಿಸಬೇಕು. ಬೇಸಿಗೆಯಲ್ಲಿ ಆ ಗುಂಗುರಿನ ಮೇಲೆ ನೊಣ ಕೂತರೆ, ಫೋಟೋ ತೆಗೆಯುವಾಗ ಅಲುಗಾಡದಿರಲೆಂದು ಕತ್ತಿನ ಹಿಂದೆ ಕಬ್ಬಿಣದ ಕವೆ ಇಟ್ಟಿರುವುದರಿಂದ ಪಾಪದ ಹುಡುಗ ತಲೆ ಕೊಡವುವ ಹಾಗೂ ಇಲ್ಲ.

ಮಹಾರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷವಾಯಿತೆಂದು ಊರೆಲ್ಲ ಬಾವುಟ ಕಟ್ಟಿದ ಬೇಸಿಗೆ ಅದು. ಗಿರಣಿ ಮ್ಯಾನೇಜರನ ಹೆಂಡತಿ ಮಗನನ್ನು ಕರೆತಂದಳು. ಟ್ಯಾಬಿತಾ ಬಾಚಲು ಕೂದಲೆತ್ತಿದರೆ ಕಿವಿಯ ಹಿಂದೆ ದುಂಡಗೆ ಬೋಳು, ಸುತ್ತ ಹೊಟ್ಟು, ಅಂಚಿನಲ್ಲಿ ಕೆಂಪು ಉಂಗುರ. ಹುಳುಕಡ್ಡಿ. ಕೊರಳಿನ ತನಕ ಇಳಿದಿದೆ.

"ಮುಚ್ಚು, ಮುಚ್ಚು," ಅಂದಳು ಆ ಹೆಂಗಸು, ಅತ್ತ ನೋಡುತ್ತ. "ಅದಕ್ಕೇ ಅಲ್ವ ನೀನಿರೋದು?"

ಟ್ಯಾಬಿತಾ ಮುಚ್ಚಿದಳು. ಆಮೇಲೆ ಧಣಿಯ ಹತ್ತಿರ ಹೋಗಿ, "ಸಾರ್, ಬ್ರಶ್ಶು ಒಲೆಗೆ ಹಾಕಿದ್ದೀನಿ. ಅಂಗೀನೂ ಸುಡೋಣ," ಅಂದಳು.

ಅವನು ನಕ್ಕ. "ಮ್ಯಾನೇಜರರ ಮನೆ ಹುಳುಕಡ್ಡಿ ಕಣಮ್ಮ, ಅದಕ್ಕೂ ಮರ್ಯಾದೆ ಇರುತ್ತೆ. ಸೀಮೆಸುಣ್ಣ ಉಜ್ಜು, ಹೋಗು."

ಅವಳಿಗೆ ನಗು ಬರಲಿಲ್ಲ. ಚಿಕ್ಕಂದಿನಲ್ಲಿ ಅವಳ ತಮ್ಮನಿಗೆ ಇದೇ ಹುಳುಕಡ್ಡಿ ಹತ್ತಿತ್ತು. ತಲೆಗೆ ಬಿಸಿ ಡಾಂಬರು ಬಳಿದು ಟೋಪಿಯ ಹಾಗೆ ಬಟ್ಟೆ ಅಂಟಿಸಿ, ಒಣಗಿದ ಮೇಲೆ ಬುಡಸಮೇತ ಕಿತ್ತಿದ್ದರು. ಕಿತ್ತ ಟೋಪಿಯಲ್ಲಿ ಕೂದಲಿನ ಜೊತೆ ಚರ್ಮವೂ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅದೇ ವಾರ ಸೊಸೆ ಲೆಟಿ ಕುಣಿದುಕೊಂಡು ಬಂದು ಹೇಳಿದಳು: "ಅತ್ತೆ, ಶನಿವಾರ ಈನಾಕನ ಫೋಟೋ! ಮ್ಯಾನೇಜರರ ಮಗ ಹಾಕ್ಕೊಂಡಿದ್ದ ಅಂಗೀನೇ ಬೇಕು ಅಂತ ಹೇಳಿಟ್ಟಿದ್ದೀನಿ."

ಈನಾಕ ಟ್ಯಾಬಿತಾಳ ಒಬ್ಬನೇ ಮೊಮ್ಮಗ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು, ಮಾಗಿದ ಗೋಧಿಯ ಬಣ್ಣ.

"ಆ ಅಂಗಿ ಬೇಡ ಲೆಟಿ. ಆ ಹುಡುಗನಿಗೆ ಹುಳುಕಡ್ಡಿ ಇತ್ತು."

"ಮ್ಯಾನೇಜರರ ಮಗನಿಗಾ? ಹೋಗಿ ಅತ್ತೆ! ನಿಮಗೆ ದೇವರ ತಟ್ಟೇಲೂ ಹೊಲಸೇ ಕಾಣೋದು."

ಟ್ಯಾಬಿತಾ ಮಗನಿಗೆ ಹೇಳಿದಳು. ಅವನು ಪೈಪು ಬಾಯಲ್ಲಿಟ್ಟುಕೊಂಡೇ, "ಹೆಂಗಸರ ವಿಷಯ ನಂಗ್ಯಾಕೆ?" ಅಂದ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಶನಿವಾರ ಬಂತು. ಗಾಜಿನ ಸೂರಿನ ಕೋಣೆ, ಮೇಲಿಂದ ಸುರಿಯುವ ಬಿಸಿಲು. ಲೆಟಿ ರಾತ್ರಿಯೆಲ್ಲ ಚಿಂದಿ ಸುತ್ತಿ ಮಲಗಿಸಿ ಗುಂಗುರು ಮಾಡಿದ್ದ ಮಗನ ತಲೆಯನ್ನು ತೋರಿಸುತ್ತ, "ಬೈತಲೆ ಪಕ್ಕಕ್ಕೇ ತೆಗೀರಿ ಅತ್ತೆ. ನಡುಬೈತಲೆ ತೆಗೆದು ನನ್ನ ಮಗನ್ನ ಹುಡುಗಿ ಮಾಡ್ಬೇಡಿ," ಅಂದಳು.

"ತಲೆ ಹಾಗಿರಲಿ. ಅಂಗಿ ತರ್ತೀನಿ," ಅಂತ ಟ್ಯಾಬಿತಾ ಹಿಂದಿನ ಕತ್ತಲೆ ಕೋಣೆಗೆ ಹೋದಳು.

ಅಲ್ಲಿ ಕ್ರ್ಯಾಬ್‌ಟ್ರೀ ಫೋಟೋ ಕಾಗದ ಅದ್ದುವ, ಬೆಳ್ಳಿಯ ಔಷಧಿ ಕರಗಿಸಿದ ನೀರಿನ ತಟ್ಟೆ ಇತ್ತು. ನೋಡಲಿಕ್ಕೆ ಬರೀ ನೀರು. ಕಾಗದಕ್ಕೆ ಮೊದಲು ಮೊಟ್ಟೆಯ ಬಿಳಿ ಮತ್ತು ಉಪ್ಪು ಬಳಿದು, ಆಮೇಲೆ ಇದರ ಮೇಲೆ ತೇಲಿಸುತ್ತಾರೆ. ಬಿಸಿಲು ಬಿದ್ದಲ್ಲೆಲ್ಲ ಕಪ್ಪಾಗುತ್ತದೆ. ಬಿಳಿ ಲೇಸು ಒಮ್ಮೆ ಕಪ್ಪಾಗಿ ಅಂಗಿ ಕೆಟ್ಟರೆ ಸಾಕು ಅಂತಷ್ಟೇ ಅವಳ ಯೋಚನೆ. ಲೇಸಿನ ಪಟ್ಟಿಯನ್ನು ತಟ್ಟೆಯಲ್ಲಿ ಮುಳುಗಿಸಿ, ಹಿಂಡಿ, ಅಂಗಿಯನ್ನು ತಂದು ಬಿಸಿಲಿನಲ್ಲಿ ಕುರ್ಚಿಯ ಬೆನ್ನಿಗೆ ತೂಗುಹಾಕಿದಳು.

"ಒದ್ದೆ ಇದೆ," ಅಂದಳು ಲೆಟಿ.

"ಈಗ ತಾನೇ ಒರೆಸಿದೆ. ಆರಲಿ. ಈನಾಕಾ, ಬಾ ಮಗಾ, ಗುಂಡಿ ಬಿಚ್ತೀನಿ."

"ಅಜ್ಜಿ, ಅದು ನಾತ."

"ಹೂಂ ಕಂದ, ನಾತ."

ಅವಳು ಬೇಕೆಂದೇ ತಡಮಾಡಿ ಗುಂಡಿ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಲೆಟಿಯ ಬಾಯಿ ತೆರೆದುಕೊಂಡಿತು. ಲೇಸು ಒಂದೇ ಸಮ ಕಪ್ಪಾಗುತ್ತಿರಲಿಲ್ಲ. ಉಪ್ಪಿದ್ದಲ್ಲಿ ಮೊದಲು ಕಪ್ಪು, ಬೆವರೆಂದರೆ ಉಪ್ಪೇ ತಾನೆ? ಕೊರಳು ತಾಗುವ ಅಂಚಿನಲ್ಲಿ ಮೊದಲು ಕಂದು ಬಣ್ಣದ ಒಂದು ಬಳೆ ಎದ್ದಿತು. ಗಲ್ಲದಡಿ ಜೊಲ್ಲು ಸುರಿದ ದಾರಿಗಳು ಎದ್ದವು. ಅಳುತ್ತ ಮೂಗೊರೆಸಿದ ಗೀರುಗಳು, ಯಾರದೋ ಹೆಬ್ಬೆರಳು, ಯಾರದೋ ಕೆನ್ನೆ. ವರ್ಷಾನುವರ್ಷ ಸೀಮೆಸುಣ್ಣದಡಿ ಮಲಗಿದ್ದ ಊರಿನ ಹೊಲಸೆಲ್ಲ ಒಂದರ ಮೇಲೊಂದು ಎದ್ದು ಬಂದು ಬಿಸಿಲಿಗೆ ಮುಖ ತೋರಿಸಿತು.

"ಥೂ! ಅತ್ತೆ, ಇದೇನಿದು! ನನ್ನ ಮಗನ ಕೊರಳಿಗೆ ಇದನ್ನಾ?" ಲೆಟಿ ಹುಡುಗನನ್ನು ಬಾಚಿ ಎತ್ತಿಕೊಂಡು, ಕರವಸ್ತ್ರ ಬಾಯಿಗೊತ್ತಿ ಬಾಗಿಲ ಕಡೆ ಓಡಿದಳು. ಅವಳು ವಾಂತಿ ಮಾಡಿದ್ದು ಕ್ರ್ಯಾಬ್‌ಟ್ರೀಯ ಹೊಸ ಮೆಟ್ಟಿಲ ಮೇಲೆ.

ಕ್ರ್ಯಾಬ್‌ಟ್ರೀ ಬಂದು ಪಟ್ಟಿ ನೋಡಿದ, ತಟ್ಟೆ ನೋಡಿದ. "ಕೈ ತೋರ್ಸು."

ಟ್ಯಾಬಿತಾ ತೋರಿಸಿದಳು. ಬೆರಳುಗಳು ಮಸಿ ಬಳಿದ ಹಾಗೆ ಕಪ್ಪಾಗುತ್ತಿದ್ದವು.

"ಇಷ್ಟು ವರ್ಷದಲ್ಲಿ ಇದೊಂದೇ ಫೋಟೋ ಸರಿಯಾಗಿ ಬಂದಿರೋದು ನೋಡಿ ಸಾರ್," ಅಂದಳು.

ಅವತ್ತೇ ಕೆಲಸ ಹೋಯಿತು. ಅಂಗಿ ಹೋಗಲಿಲ್ಲ. ಧಣಿ ಅದಕ್ಕೆ ಹೊಸ ಲೇಸು ಹೊಲಿಸಿದ. ಕೆಲವೇ ದಿನದಲ್ಲಿ ಅಂಗಡಿಯ ಕಿಟಕಿಯಲ್ಲಿ ಯಾರದೋ ಮಗ ಅದನ್ನೇ ತೊಟ್ಟು, ಗುಂಗುರು ಬಿಟ್ಟು, ದೇವದೂತನ ಹಾಗೆ ಕೂತಿದ್ದ. ಜನ ನಿಂತು ನೋಡಿ, "ಎಷ್ಟು ಚೆಂದ!" ಅಂದರು. ಟ್ಯಾಬಿತಾ ಅಲ್ಲಿ ಹಾದು ಹೋಗುವಾಗ ಆಚೆ ಬದಿಗೆ ದಾಟಿ ಉಗಿಯುತ್ತಿದ್ದಳು.

ಈನಾಕನ ತಲೆಗೆ ಏನೂ ಆಗಲಿಲ್ಲ. ಲೆಟಿಯೇ ಅವನನ್ನು ಕ್ಷೌರದವನಲ್ಲಿಗೆ ಕರೆದೊಯ್ದು ಕೂದಲು ಸಣ್ಣಗೆ ತೆಗೆಸಿದಳು. ಫೋಟೋದ ಮಾತು ಮತ್ತೆ ಎತ್ತಲಿಲ್ಲ.

ಟ್ಯಾಬಿತಾ ಹಸುವಿನ ಹೊಟ್ಟೆ ತೊಳೆದು ಬೇಯಿಸಿ ಮಾರುವ ಅಂಗಡಿಗೆ ಸೇರಿದಳು. ಸಗಣಿ ತುಂಬಿದ ಚೀಲಗಳನ್ನು ಮಗುಚಿ, ಕೆರೆದು, ಸುಣ್ಣದ ನೀರಿನಲ್ಲಿ ಉಜ್ಜುವ ಕೆಲಸ. ನಮಗೆಲ್ಲ ಆಶ್ಚರ್ಯ.

"ಆ ಮಖಮಲ್ಲಿಗೆ ಹೇಸಿದೋಳು ಈ ಕರುಳು ಹ್ಯಾಗೆ ಮುಟ್ತೀಯೇ?" ಅಂತ ಕೇಳಿದೆವು.

ಅವಳು ಒಂದು ಹೊಟ್ಟೆಯನ್ನು ನೀರಿನಿಂದೆತ್ತಿ ಬೆಳಕಿಗೆ ಹಿಡಿದಳು. ಬೆಳ್ಳಗೆ ಜೇನುಗೂಡಿನ ಹಾಗಿತ್ತು. ಹಿಡಿದ ಬೆರಳುಗಳು ಮಾತ್ರ ಇನ್ನೂ ಕಪ್ಪು.

"ಇದನ್ನ ತೊಳೆಯೋಕೆ ಬಿಡ್ತಾರಲ್ಲ," ಅಂದಳು.