ಹಿಂದಿನ ಸೀಟಿನವರು ಕೇಳಿದ ಹಾಡು

ಏ, ಆ ಕಡೆ ಅಂಗಡಿ ದೀಪದ ಬೆಳಕಲ್ಲಿ ನಿಂತವರೇ, ಕಿವಿಗೆ ಸಿಕ್ಕಿಸಿಕೊಂಡದ್ದನ್ನು ಸ್ವಲ್ಪ ತೆಗೆಯಿರಿ. ಒಂದು ಕಿವಿಯದ್ದು ತೆಗೆದರೂ ಸಾಕು. ನಮ್ಮ ಚಿಕ್ಕಿಯ ವಿಷಯ ಹೇಳಬೇಕು. ಇವತ್ತು ಇಡೀ ದಿನ ಅವಳ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದೇನೆ. ಸೊಂಟ ಹಿಡಿದುಕೊಂಡಿದೆ, ತಲೆ ಕಲಸುಮೇಲೋಗರ ಆಗಿದೆ. ಯಾರಿಗಾದರೂ ಹೇಳದಿದ್ದರೆ ಇವತ್ತು ನಿದ್ದೆ ಹತ್ತುವುದಿಲ್ಲ.

ಚಿಕ್ಕಿ ಎಂದರೆ ಅಮ್ಮನ ಕೊನೆಯ ತಂಗಿ. ನನಗಿಂತ ತುಸುವೇ ದೊಡ್ಡವಳು, ಹಾಗಾಗಿ ಚಿಕ್ಕಮ್ಮ ಎಂದು ಕರೆದರೆ ಉರಿದು ಬೀಳುತ್ತಾಳೆ. ಇರುವುದು ನಮ್ಮ ಮನೆಯಲ್ಲೇ, ನನ್ನ ಕೋಣೆಯಲ್ಲೇ. ಬಾಡಿಗೆ ಕಾರು ಓಡಿಸುತ್ತಾಳೆ. ಫೋನಿನಲ್ಲಿ ಟ್ರಿಪ್ ಬಂದ ಕಡೆ ಹೋಗುವುದು, ಜನರನ್ನು ಹತ್ತಿಸಿಕೊಳ್ಳುವುದು, ಇಳಿಸುವುದು. ಉಳಿದ ಹೊತ್ತಿನಲ್ಲಿ ಹಾಡು ಮಾಡುತ್ತಾಳೆ. ತಾನೇ ಬರೆದು, ತಾನೇ ರಾಗ ಕೂಡಿಸಿ, ಲ್ಯಾಪ್‌ಟಾಪಿನಲ್ಲಿ ಡ್ರಮ್ಮು, ಬೇಸು ಎಲ್ಲವನ್ನೂ ತಾನೇ ಸೇರಿಸಿ, ಕೊನೆಗೆ ತಾನೇ ಹಾಡುವುದು. ಸ್ಟುಡಿಯೋ ಎಂದರೆ ನಮ್ಮ ಕೋಣೆಯ ಬಟ್ಟೆ ಬೀರು. ಅದರ ಬಾಗಿಲು ತೆರೆದು, ತೂಗುಹಾಕಿದ ಬಟ್ಟೆಗಳ ನಡುವೆ ಮೈಕು ತೂರಿಸಿ, ತಾನೂ ಅರ್ಧ ಒಳಗೆ ಹೋಗಿ ನಿಲ್ಲುತ್ತಾಳೆ. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲವಂತೆ. ಬೀರುವಿನಿಂದ ಹೊರಗೆ ಕಾಣುವುದು ಅವಳ ಬೆನ್ನು, ಕಾಲು ಅಷ್ಟೇ.

"ನನ್ನ ಸ್ವೆಟರ್ ಹತ್ರ ಆಡೋ ಮಾತಲ್ಲಿ ಅರ್ಧ ನನ್ನ ಹತ್ರ ಆಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎನ್ನುತ್ತಾಳೆ ಅಮ್ಮ.

"ನಿನ್ನ ಸ್ವೆಟರ್ ನನ್ನ ಮಾತಿನ ಮಧ್ಯೆ ಬಾಯಿ ಹಾಕಲ್ಲ ಅಕ್ಕ, ಅದಕ್ಕೇ," ಎನ್ನುತ್ತಾಳೆ ಚಿಕ್ಕಿ.

ಈಗಾಗಲೇ ಮೂರ್ನಾಲ್ಕು ಹಾಡು ಹೊರಗೆ ಬಿಟ್ಟಿದ್ದಾಳೆ. ಒಂದೊಂದು ಸಲಕ್ಕೆ ಒಂದೊಂದೇ ಹಾಡು, ಶುಕ್ರವಾರ. ಹೊಸದಾಗಿ ಹಾಡು ಮಾಡುವವರೆಲ್ಲ ಹಾಗೇ ಬಿಡುತ್ತಾರೆ. ಆದರೆ ಆ ಹಾಡುಗಳಲ್ಲಿ ಅವಳ ದನಿ ಅವಳದ್ದು ಎಂದು ಹೆತ್ತವರಿಗೂ ಗೊತ್ತಾಗಲಿಕ್ಕಿಲ್ಲ. ಕಂಪ್ಯೂಟರಿನಲ್ಲಿ ದನಿಯನ್ನು ಎಳೆದು, ಹಿಂಡಿ, ಅದಕ್ಕೊಂದು ಲೋಹದ ಹೊಳಪು ಬಳಿದಿರುತ್ತಾಳೆ. ಈ ಸಲದ ಹಾಡಿಗೆ ಮಾತ್ರ ಏನಾಯಿತೋ, ಎರಡು ಬಗೆ ಮಾಡಿಕೊಂಡು ಕೂತಳು. ಒಂದರಲ್ಲಿ ಎಂದಿನ ಹಾಗೆ ಮಾಡಿದ ದನಿ. ಇನ್ನೊಂದರಲ್ಲಿ ಬೀರುವಿನಲ್ಲಿ ಹಾಡಿದ್ದು ಹಾಡಿದ ಹಾಗೇ ಇದೆ. ಮೊದಲನೆಯದಕ್ಕೆ ನಾವು ಬಣ್ಣ ಎಂದು ಹೆಸರಿಟ್ಟೆವು, ಎರಡನೆಯದಕ್ಕೆ ಬೋಳು.

ಹಾಡುಗಳನ್ನು ಎಲ್ಲ ಆ್ಯಪ್‌ಗಳಿಗೂ ಕಳಿಸಿಕೊಡುವ ಒಂದು ಕಂಪನಿ ಇದೆ. ಚಿಕ್ಕಿ ಅಲ್ಲಿಗೆ ಬಣ್ಣದ್ದನ್ನು ಕೊಟ್ಟು ಆಗಿತ್ತು. ಬದಲಿಸುವುದಿದ್ದರೆ ಇವತ್ತು ಸಂಜೆಯೊಳಗೆ ಬದಲಿಸಬೇಕು. ಸುಮ್ಮನಿದ್ದರೆ ಬಣ್ಣದ್ದೇ ಹೋಗುತ್ತದೆ.

"ಹಾಗಾದ್ರೆ ಸುಮ್ನಿರು," ಎಂದೆ ಬೆಳಿಗ್ಗೆ ಹಲ್ಲುಜ್ಜುತ್ತಾ.

"ಸುಮ್ನಿರಕ್ಕೆ ಆಗ್ತಿಲ್ಲ ಕಣೇ. ಬೋಳುದೇ ಸರಿ ಅನ್ಸುತ್ತೆ. ಆದ್ರೆ ಭಯ."

"ಯಾಕೆ?"

"ಬಣ್ಣದ್ದನ್ನ ಯಾರಾದ್ರೂ ಚೆನ್ನಾಗಿಲ್ಲ ಅಂದ್ರೆ ಕಂಪ್ಯೂಟರ್ ತಲೆಗೆ ಕಟ್ಟಬಹುದು. ಬೋಳುದನ್ನ ಅಂದ್ರೆ ನನ್ನನ್ನೇ ಅಂದಂಗೆ."

ಅದಕ್ಕೇ ಈ ಪರೀಕ್ಷೆ. ಹಾಡು ಮಾಡುವವರೆಲ್ಲ ಕೊನೆಗೊಮ್ಮೆ ತಮ್ಮ ಹಾಡನ್ನು ಕಾರಿನಲ್ಲಿ ಹಾಕಿ ಕೇಳುತ್ತಾರೆ. ಹೆಡ್‌ಫೋನಿನಲ್ಲಿ ಎಲ್ಲ ಹಾಡೂ ರಾಣಿಯೇ, ಕಾರಿನಲ್ಲಿ ಹಾರ್ನು, ಗುಂಡಿ, ಗಾಳಿಯ ಮಧ್ಯೆ ನಿಂತರೆ ಅದು ನಿಜವಾದ ಹಾಡು. ಚಿಕ್ಕಿಯ ಕಾರಿನಲ್ಲಿ ಒಂದು ಅನುಕೂಲ ಹೆಚ್ಚು: ಕೇಳುವವರು ತಾವೇ ಬಂದು ಹತ್ತುತ್ತಾರೆ. ಯಾರ ಹಾಡೆಂದು ಹೇಳದೆ ಒಬ್ಬರಿಗೆ ಬಣ್ಣ, ಇನ್ನೊಬ್ಬರಿಗೆ ಬೋಳು ಹಾಕುವುದು. ಅವಳು ರಸ್ತೆ ನೋಡಬೇಕಲ್ಲ, ಅದಕ್ಕೇ ಮುಖ ನೋಡಲು ನನ್ನನ್ನು ಕರೆದುಕೊಂಡು ಹೋದಳು. ಕೇಳಿದವರಿಗೆ, "ನಮ್ಮ ಅಕ್ಕನ ಮಗಳು, ಕಾರು ಕಲೀತಾ ಇದ್ದಾಳೆ," ಎಂದಳು. ನನಗೆ ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಿಲ್ಲ.

ಹಾಡು ಇರುವುದು ಕಾರಿನಿಂದ ಇಳಿದು ಹೋಗುವವರ ಬಗ್ಗೆ. ನಡುವೆ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: ನೋಡ್ಕೊಂಡು ಇಳಿ, ಹಿಂದೆ ಯಾರೋ ಬರ್ತಿದ್ದಾರೆ. ಬೀಟು ಅಲ್ಲಿ ಒಂದು ಗಳಿಗೆ ನಿಂತು ಮತ್ತೆ ಬೀಳುತ್ತದೆ.

ಮೊದಲು ಹತ್ತಿದವರು ಒಬ್ಬ ಹೆಂಗಸು, ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದರು. ಚಿಕ್ಕಿ ಬೋಳುದನ್ನು ಹಾಕಿದಳು. ಆ ಸಾಲು ಬಂತು. ನಾನು ಮುಂದಿನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಂಡಿದ್ದೆ, ನೋಡಿದರೆ ಆ ಹೆಂಗಸಿನ ಕಣ್ಣಲ್ಲಿ ಬಳಬಳ ನೀರು. ಚಿಕ್ಕಿಯ ತೊಡೆ ಚಿವುಟಿದೆ. ಅವಳೂ ಒಂದು ಗಳಿಗೆ ಕತ್ತು ತಿರುಗಿಸಿ ನೋಡಿದಳು.

"ಎಲ್ಲಿ ನಿಲ್ಲಿಸ್ಲಿ ಮೇಡಂ?" ಎಂದಳು, ಮೆತ್ತಗೆ.

"ಆ ಹಲ್ಲಿನ ಡಾಕ್ಟ್ರ ಬೋರ್ಡ್ ಹತ್ರ," ಎಂದರು ಅವರು, ಬಾಯಿ ತೆರೆಯಲಾಗದೆ. "ನಿನ್ನೆಯಿಂದ ಪ್ರಾಣ ಹೋಗ್ತಿದೆ."

ಅವರು ಇಳಿದು ಹೋದರು.

"ಹಲ್ಲು ನೋವಿಗೇ ಅತ್ತಿದ್ದಾ?" ಎಂದಳು ಚಿಕ್ಕಿ. "ಪೂರ್ತಿ ಹಲ್ಲಿಗೇನಾ? ಸ್ವಲ್ಪನಾದ್ರೂ ಹಾಡಿಗೆ ಇರಬಹುದಲ್ವಾ?"

"ಹಾಡಿನ ಪಾಲು ಎಷ್ಟು ಅಂತ ಡಾಕ್ಟ್ರನ್ನ ಕೇಳ್ಕೊಂಡು ಬರ್ಲಾ?"

ಆಮೇಲೆ ಕಾಲೇಜಿನ ಇಬ್ಬರು ಹುಡುಗಿಯರು. ಅವರಿಗೆ ಬಣ್ಣದ್ದು.

"ಚೆನ್ನಾಗಿದೆ ಅಲ್ವಾ ಈ ಹಾಡು," ಎಂದಳು ಒಬ್ಬಳು.

"ಎಲ್ಲಾ ಹಾಡೂ ಹಿಂಗೇ ಇರುತ್ತಪ್ಪ."

"ಅದಕ್ಕೇ ಚೆನ್ನಾಗಿದೆ."

ಇದನ್ನು ಏನೆಂದು ತಿಳಿದುಕೊಳ್ಳುವುದು, ನೀವೇ ಹೇಳಿ. ಚಿಕ್ಕಿಯ ಮುಖ ಒಂದು ಸಲ ಅರಳಿ, ಬಾಡಿ, ಮತ್ತೆ ಅರಳಲೋ ಬೇಡವೋ ಎಂದು ಮಧ್ಯದಲ್ಲಿ ನಿಂತಿತು.

ಮಧ್ಯಾಹ್ನ ಹತ್ತಿದವನು ಪೀಠೋಪಕರಣದ ಅಂಗಡಿಯವನು, ಅಂಗಿಯ ಮೇಲೆಲ್ಲ ಮರದ ಪುಡಿ. ಅವನಿಗೆ ಬೋಳುದು. ಮೊದಲ ಸಾಲು ಮುಗಿಯುವುದರೊಳಗೆ ತಲೆ ಹಿಂದಕ್ಕೆ ಚೆಲ್ಲಿ ಗೊರಕೆ ಹೊಡೆದ. ಗೊರಕೆ ಬೀಟಿಗೆ ಸರಿಯಾಗಿ ಬೀಳುತ್ತಿತ್ತು, ಅದು ಬೇರೆ ಮಾತು. ಚಿಕ್ಕಿ ಹಲ್ಲು ಕಚ್ಚಿಕೊಂಡು ಕಾರು ಓಡಿಸಿದಳು. ಇಳಿಯುವಾಗ ಅವನು ಕಣ್ಣುಜ್ಜಿಕೊಂಡು, "ಎಷ್ಟು ದಿನ ಆಗಿತ್ತಮ್ಮ, ಹೀಗೆ ನಿದ್ದೆ ಬಂದು," ಎಂದ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅವನು ಕೊಟ್ಟ ಐದು ನಕ್ಷತ್ರವೂ ಬಂತು.

"ಇದು ಕಾರಿಗೆ ಕೊಟ್ಟಿದ್ದಾ, ಹಾಡಿಗಾ, ನಿದ್ದೆಗಾ?" ಎಂದಳು ಚಿಕ್ಕಿ.

"ಮಲಗಿಸೋ ಹಾಡು ಅಂತ ಬಿಡುಗಡೆ ಮಾಡು."

"ಬಾಯ್ಮುಚ್ಚು. ನೀನು ಮುಖ ನೋಡಕ್ಕೆ ಬಂದಿರೋದು, ಗಾಯಕ್ಕೆ ಉಪ್ಪು ಹಚ್ಚಕ್ಕಲ್ಲ."

ಅವಳಿಗೆ ಕಿರಿಕಿರಿ ಹತ್ತಿತ್ತು. ಮಧ್ಯಾಹ್ನ ಊಟ ಬೇಡವೆಂದಳು. ಬಿಸಿಲಿನಲ್ಲಿ ಕಾರು ನಿಲ್ಲಿಸಿ ಎರಡನ್ನೂ ಒಂದಾದ ಮೇಲೊಂದು ಹಾಕಿದಳು, ಮತ್ತೆ ಹಾಕಿದಳು. ಕೇಳಿ ಕೇಳಿ ನನಗಂತೂ ಯಾವುದು ಬಣ್ಣ ಯಾವುದು ಬೋಳು ಎನ್ನುವುದೇ ಮರೆತುಹೋಯಿತು. ಅವಳಿಗೂ ಹಾಗೇ ಆಗಿತ್ತೆಂದು ಕಾಣುತ್ತದೆ, ಒಮ್ಮೆ ಬಣ್ಣದ್ದನ್ನು ಕೇಳುತ್ತಾ, "ನೋಡು, ಇಲ್ಲಿ ನನ್ನ ದನಿ ಎಷ್ಟು ಬೋಳಾಗಿದೆ," ಎಂದಳು. ನಾನು ತಿದ್ದಲಿಲ್ಲ.

ಕೊನೆಯ ಟ್ರಿಪ್ ಒಬ್ಬ ನರ್ಸ್‌ದು. ಸಂಜೆಯ ಪಾಳಿಗೆ ಆಸ್ಪತ್ರೆಗೆ ಹೊರಟಿದ್ದರು. ಹತ್ತಿದೊಡನೆ ಚಿಕ್ಕಿ ಎಂದಿನ ಹಾಗೆ, "ಬಾಗಿಲು ಸರಿಯಾಗಿ ಎಳ್ಕೊಳ್ಳಿ ಮೇಡಂ, ಅರ್ಧ ನಿಂತುಬಿಡುತ್ತೆ," ಎಂದಳು. ಅವರು ಮತ್ತೊಮ್ಮೆ ಎಳೆದುಕೊಂಡರು. ಬೋಳುದು ಶುರುವಾಯಿತು. ನರ್ಸ್ ಕೈಚೀಲದಲ್ಲಿ ಏನೋ ಹುಡುಕುತ್ತಿದ್ದವರು ಹುಡುಕುವುದನ್ನು ಬಿಟ್ಟರು. ನಾನು ಚಿವುಟಲು ಹೋಗಲಿಲ್ಲ, ಬೆಳಿಗ್ಗೆಯ ಹಲ್ಲು ನೋವು ನೆನಪಿತ್ತು.

"ಇದು ನೀವೇ ಹಾಡಿರೋದಾ?" ಎಂದರು ಅವರು.

ಇಡೀ ದಿನದಲ್ಲಿ ಯಾರೂ ಕೇಳದ ಪ್ರಶ್ನೆ. ಚಿಕ್ಕಿಯ ಕುತ್ತಿಗೆ ಕೆಂಪಾಯಿತು.

"ಅಯ್ಯೋ ಇಲ್ಲ ಮೇಡಂ. ಯಾರದ್ದೋ. ಫೋನಲ್ಲಿ ತಾನಾಗೇ ಬಂತು."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

"ಓ," ಎಂದರು ನರ್ಸ್. "ದನಿ ನಿಮ್ಮ ಥರಾನೇ ಇತ್ತು, ಅದಕ್ಕೆ ಕೇಳ್ದೆ."

ಹಾಡು ಮುಗಿಯಿತು. ಆಸ್ಪತ್ರೆಯ ಮುಂದೆ ಕಾರು ನಿಂತಿತು. ನರ್ಸ್ ಅವಸರದಲ್ಲಿದ್ದರು, ರಸ್ತೆಯ ಕಡೆಯ ಬಾಗಿಲಿಗೇ ಕೈ ಹಾಕಿದರು. ಹಿಂದಿನಿಂದ ಒಬ್ಬ ಸೈಕಲ್ಲಿನವನು ಬರುತ್ತಿದ್ದ, ಚಿಕ್ಕಿಗೆ ಪಕ್ಕದ ಕನ್ನಡಿಯಲ್ಲಿ ಕಂಡಿತು. ಅವಳು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ದಿನಾ ಹೇಳುವ ಮಾತೇ. ಆದರೆ ಈಗ ಹೇಳಿದರೆ ಸಿಕ್ಕಿಬೀಳುತ್ತಾಳೆ, ಹೇಳದಿದ್ದರೆ ಸೈಕಲ್ಲಿನವನು ಬೀಳುತ್ತಾನೆ.

"ನೋಡ್ಕೊಂಡು ಇಳೀರಿ, ಹಿಂದೆ ಯಾರೋ ಬರ್ತಿದ್ದಾರೆ," ಎಂದುಬಿಟ್ಟಳು.

ಬಾಗಿಲು ಅಲ್ಲೇ ನಿಂತಿತು. ಸೈಕಲ್ಲು ಸುಯ್ಯೆಂದು ಹೋಯಿತು. ನರ್ಸ್ ಇಳಿದರು, ಎರಡು ಹೆಜ್ಜೆ ಮುಂದೆ ಬಂದು ಚಿಕ್ಕಿಯ ಕಿಟಕಿಯ ಹತ್ತಿರ ಬಗ್ಗಿದರು.

"ಯಾರದ್ದೋ ಹಾಡು ಅಂದ್ರಿ," ಎಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ, ನನಗೆ ಈಗಲೂ ಅನುಮಾನ.

ಚಿಕ್ಕಿ ಸ್ಟೇರಿಂಗ್ ನೋಡುತ್ತಾ ಕೂತಳು. "ನಂದೇ ಮೇಡಂ."

"ಹಾಡಲ್ಲಿ ಇಷ್ಟು ಗಟ್ಟಿಯಾಗಿ ಹೇಳಲ್ಲ ನೀವು." ಅಷ್ಟು ಹೇಳಿ ಕೈಚೀಲ ಹೆಗಲಿಗೇರಿಸಿಕೊಂಡು ಒಳಗೆ ಹೋಗಿಬಿಟ್ಟರು.

"ಚೆನ್ನಾಗಿದೆ ಅಂದ್ರಾ, ಇಲ್ಲ ಅಂದ್ರಾ?" ಎಂದೆ ನಾನು.

"ಎರಡೂ ಅನ್ನಲಿಲ್ಲ."

"ಮತ್ತೆ ನೀನ್ಯಾಕೆ ನಗ್ತಿದ್ದೀಯಾ?"

"ನಗ್ತಿದ್ದೀನಾ?" ಎಂದು ಕನ್ನಡಿ ನೋಡಿಕೊಂಡಳು. "ನಂದಲ್ಲ ಅಂತ ಯಾಕಂದೆ ಕಣೇ ನಾನು? ನಾಲಿಗೆ ತಾನಾಗೇ ಹೇಳ್ಬಿಡ್ತು. ಆಮೇಲೆ ಅದೇ ನಾಲಿಗೆ ಹಿಡ್ಕೊಡ್ತು."

ಆಸ್ಪತ್ರೆ ದಾಟಿದ ಮೇಲೆ ರಸ್ತೆ ಬದಿ ಕಾರು ನಿಲ್ಲಿಸಿ ಫೋನ್ ತೆಗೆದಳು. ಬಣ್ಣದ್ದನ್ನು ತೆಗೆದು ಬೋಳುದನ್ನು ಏರಿಸಿದಳು. ಖಚಿತವೇ ಎಂದು ಫೋನು ಕೇಳಿತು.

"ಖಚಿತನಾ ಅಂತೆ," ಎಂದಳು. "ಖಚಿತ ಇದ್ದಿದ್ರೆ ಬೆಳಿಗ್ಗೆಯಿಂದ ಊರು ಸುತ್ತುತ್ತಿದ್ವಾ? ನೀನು ಒತ್ತು."

"ನಾನು ಒತ್ತಲ್ಲಪ್ಪ. ಆಮೇಲೆ ನನ್ನ ತಲೆಗೆ ಕಟ್ತೀಯಾ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಕಣ್ಣು ಮುಚ್ಚಿಕೊಂಡಳು, ಒತ್ತಿದಳು. ಕಣ್ಣು ಮುಚ್ಚಿದ್ದರಿಂದ ಬೆರಳು ಬೇಡ ಎನ್ನುವ ಕಡೆ ಬಿತ್ತು. ಇನ್ನೊಂದು ಸಲ, ಈಗ ಕಣ್ಣು ಬಿಟ್ಟುಕೊಂಡು, ಒತ್ತಬೇಕಾಯಿತು.

ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಚುತ್ತಿದ್ದಳು. "ಯಾವುದು ಕಳಿಸಿದೆ ಕೊನೆಗೆ?" ಎಂದಳು.

"ಬೋಳುದು."

"ನನಗೆ ಕೇಳಿಸೇ ಇಲ್ಲವಲ್ಲ ಅದನ್ನ. ಊರಿನವರೆಲ್ಲ ಕೇಳಿದ್ರು. ಹಾಕು."

"ಆಮೇಲೆ ಕೇಳು ಅಕ್ಕ."

"ಈಗ ಹಾಕು ಅಂದೆ."

ಕಾರಿನಲ್ಲಾದರೆ ಅವಳಿಗೆ ಸ್ಟೇರಿಂಗ್ ಇತ್ತು, ರಸ್ತೆ ಇತ್ತು, ಬೇರೆ ಕಡೆ ನೋಡಬಹುದಿತ್ತು. ಇಲ್ಲಿ ಅಕ್ಕ ಎದುರಿಗೇ ಕೂತಿದ್ದಳು, ಕೈಯಲ್ಲಿ ಮಡಚದ ಅಂಗಿ. ಚಿಕ್ಕಿ ಫೋನನ್ನು ನನ್ನ ಕೈಗೆ ತುರುಕಿ, "ಕೈ ಕಾಲು ತೊಳ್ಕೊಂಡ್ ಬರ್ತೀನಿ," ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಬಕೆಟ್ಟಿಗೆ ಧೋ ಎಂದು ಬೀಳುವ ಸದ್ದು ಮನೆಯೆಲ್ಲ ತುಂಬಿತು.

ನಾನು ಹಾಡು ಹಾಕಿದೆ. ಅಮ್ಮ ಅಂಗಿ ಮಡಚಲಿಲ್ಲ, ಕೆಳಗೂ ಇಡಲಿಲ್ಲ. ನೀರಿನ ಸದ್ದಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದುಕೊಂಡಳು.

"ಇದು ಅವಳೇನಾ?" ಎಂದಳು ನನಗೆ, ಬಹಳ ಮೆಲ್ಲಗೆ.

ಹಾಡು ಅರ್ಧಕ್ಕೆ ಬಂದಿತ್ತು. ಒಳಗೆ ಚಿಕ್ಕಿ ನಲ್ಲಿ ನಿಲ್ಲಿಸಿದಳು.